ಎಡ ಮಡ್‌ಗಾರ್ಡಿನ ಮಹಾಸಮರ

ತುಕ್ಕನ್ನು ತಡೆಯುವ, ತಿರುಪುಗಳನ್ನು ಬಿಗಿಹಿಡಿಯುವ ಸಕಲ ದೇವತೆಗಳಿರಾ, ಒಂದು ಗಳಿಗೆ ಇತ್ತ ಕಿವಿಗೊಡಿ! ಟಾರು ರಸ್ತೆಯು ಬೆಟ್ಟದ ಬುಡದಲ್ಲೇ ಕೈಚೆಲ್ಲಿ ಕೂತಿದ್ದ ಈ ಕಲಿಯುಗದಲ್ಲಿ, ಶಿಲಾಶತಸಂಕುಲವೂ ಕಂಟಕವೃಕ್ಷಾವೃತವೂ ಆದ ಗಿರಿಪಥವನ್ನು ಹಳೆಯ ಜೀಪಿನಲ್ಲಿ ದಿನಂಪ್ರತಿ ಏರಿಳಿಯುತ್ತಿದ್ದ, ಹಾರ್ನು ಕೆಟ್ಟಿದ್ದರೂ ಕಂಠನಾದಮಾತ್ರದಿಂದ ಮಹಿಷಸಮೂಹವನ್ನು ಚದುರಿಸಬಲ್ಲ ದುಂಡಮಾದನೆಂಬ ಮಹಾರಥನ ಕಥೆಯಿದು. ಇಂಥ ವೀರನನ್ನು ಕೆಣಕಿದ್ದು ಯಾವ ದೈತ್ಯನೂ ಅಲ್ಲ. ತಿರುವಿನಲ್ಲಿ ಮೇಲಿನಿಂದ ಉರುಳಿ ಬಂದ ಒಂದು ಬಂಡೆ ಜೀಪಿನ ಮುಂದಿನ ಎಡ ಮಡ್‌ಗಾರ್ಡಿನ ಮೇಲೆ ಬಿದ್ದು, ತಗಡಿನಲ್ಲಿ ಮೊರದಷ್ಟು ತಗ್ಗು ಮಾಡಿ, ತನ್ನ ಪಾಡಿಗೆ ಹಳ್ಳಕ್ಕಿಳಿಯಿತು.

ಅದೇನು ಸಾಮಾನ್ಯ ಮಡ್‌ಗಾರ್ಡೇ? ಶಿವಶಿವಾ! ಅದು ದುಂಡಮಾದನ ಅಕ್ಕ ಚಿಕ್ಕತಾಯಮ್ಮನ ಸಿಂಹಾಸನ. ಜೀಪಿನೊಳಗೆ ಕೂತರೆ ಆಕೆಗೆ ಹೊಟ್ಟೆ ತೊಳಸುತ್ತದೆ. ಹೊರಗೆ ಆ ಚಪ್ಪಟೆ ತಗಡಿನ ಮೇಲೆ ಕಂಬಳಿ ಹಾಸಿ, ಗಾಳಿಗೆ ಮುಖವೊಡ್ಡಿ ಕೂತರಷ್ಟೇ ಬೆಟ್ಟ ಹತ್ತುವಳು. ಶುಕ್ರವಾರ ಬೆಟ್ಟದ ಮೇಲಿನ ಮನೆಯಲ್ಲಿ ದುಂಡಮಾದನ ಮಗಳ ನಾಮಕರಣ. ಕಂಡಕಂಡ ದೇವರಿಗೆ ಹರಕೆ ಹೊತ್ತು ಪಡೆದ ಕೂಸು. ಅದರ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆಯಾದ ಈ ಚಿಕ್ಕತಾಯಮ್ಮ. ಅವಳು ಬಾರದಿದ್ದರೆ ಆ ಮನೆಯಲ್ಲಿ ಶಾಸ್ತ್ರವೇ ನಡೆಯದು. ಅದನ್ನು ನೆನೆದರೇ ದುಂಡಮಾದನಿಗೆ ಅನ್ನ ಇಳಿಯುತ್ತಿರಲಿಲ್ಲ.

"ಅಕ್ಕೋರು ಕುಂತ್ಕಳಾಕಾಯ್ತದಾ ಅಂತ ನೋಡ್ಕಂಡು ತನ್ನಿ," ಎಂದು ಹೊಸ ಮಡ್‌ಗಾರ್ಡು ತರಲು ಎದ್ದವನಿಗೆ ಹೆಂಡತಿ ಶಿವಮಲ್ಲಿ ಬಾಗಿಲಲ್ಲೇ ಹೇಳಿದಳು.

"ನಂಗೊತ್ತಿಲ್ವಾ? ಬುಡು," ಎಂದು ವೀರನು ಹೊರಟನು. ಗಂಡಸರ ಈ 'ನಂಗೊತ್ತಿಲ್ವಾ' ಎಷ್ಟು ಮನೆ ಕೆಡಿಸಿದೆಯೋ, ನಾನಂತೂ ಹೇಳಲಾರೆ.

ಕೊಳ್ಳೇಗಾಲದ ಬಿಡಿಭಾಗದ ಅಂಗಡಿಯಲ್ಲಿ ಅವನಿಗೆ ಎದುರಾಳಿಯಾಗಿ ನಿಂತವನು ಜೊತೆಗೇ ಬಂದಿದ್ದ ಶಿವಮಲ್ಲಿಯ ತಮ್ಮ, ನವನವೀನವಸ್ತುಮೋಹಿತನಾದ ರಾಚಪ್ಪ. ಅವನು ಕರಿಯ ಫೈಬರಿನ, ಅಗಲವಾದ, ಗುಂಡನೆಯ ಮಡ್‌ಗಾರ್ಡನ್ನು ಎತ್ತಿ ಹಿಡಿದರೆ, ದುಂಡಮಾದನು ಕಬ್ಬಿಣದ್ದನ್ನು ಎದೆಗವಚಿಕೊಂಡನು. 'ಎಲವೋ ಬಾಲಕನೇ, ಲೋಹಕವಚಧಾರಿಯಾದ ನನ್ನ ರಥಕ್ಕೆ ಈ ನಿಸ್ಸಾರಪದಾರ್ಥವನ್ನು ತೊಡಿಸಿ ಪೂರ್ವಜರಿಗೆ ಅಪಕೀರ್ತಿ ತರಲೆಳಸುವೆಯಾ' ಎಂಬರ್ಥದ ಮಹಾವಾಕ್ಯವು ಅವನ ಬಾಯಿಂದ ಹೀಗೆ ಹೊರಟಿತು:

"ಲೋ ರಾಚ, ಬಕೀಟು ತಗುಲಾಕಂಡು ಬೆಟ್ಟ ಹತ್ತಾಕಾಯ್ತದೇನ್ಲಾ?"

"ಬಾವ, ನಿನ್ ತಗಡು ಎರಡು ಮಳೆಗೆ ತುಕ್ಕು ಇಡೀತದ. ಇದ್ನ ಆನೆ ತುಳುದ್ರೂವೆ ಏನೂ ಆಗಲ್ಲ ಕನಾ!"

ಅಂಗಡಿಯ ನಜೀರ್ ಸಾಬರು ಟೀ ಹೀರುತ್ತಾ ಸುತ್ತಿಗೆಯೊಂದನ್ನು ಮುಂದಿಟ್ಟರು. "ಹೊಡೆದು ನೋಡಿ, ಮಾತ್ಯಾಕೆ?" ದುಂಡಮಾದನು ಕಚ್ಚೆ ಬಿಗಿದು, ಕುಲದೈವವನ್ನು ನೆನೆದು, ಫೈಬರಿನ ಮೇಲೆ ಬೀಸಿದ ಪ್ರಚಂಡಪ್ರಹಾರವು ಪುಟಿದೆದ್ದು ಅವನದೇ ಮೊಣಕಾಲನ್ನು ಸೇರಿತು. "ಅಯ್ಯಯ್ಯಪ್ಪೋ!" ಅಲ್ಲಿಗೆ ಯುದ್ಧ ಮುಗಿಯಿತು. ಕುಂಟುತ್ತಲೇ ಶರಣಾದ ವೀರನ ಜೀಪಿಗೆ ಎರಡೂ ಕಡೆ ಫೈಬರು ಕೂತಿತು. ಹಳೆಯವನ್ನು ಗುಜರಿಗೆ ಹಾಕಿದರಾಯಿತೆಂದು ಜೀಪಿನ ಹಿಂಭಾಗಕ್ಕೆ ಎಸೆದರು. ಬಲ ಬಂತು, ಬಣ್ಣ ಬಂತು, ಬಾಳಿಕೆ ಬಂತು. ಕೂರುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಕರ್ಮ!

ಶುಕ್ರವಾರ ಬೆಳಿಗ್ಗೆ ಭಾವ ಭಾಮೈದರು ಕರೆಯಲು ಬಂದಾಗ, ಬೆಟ್ಟದ ಬುಡದ ಊರಿನಲ್ಲಿ ಚಿಕ್ಕತಾಯಮ್ಮ ಹೊಸ ಸೀರೆಯುಟ್ಟು, ಕಂಬಳಿ ಹಾಸಿ, ಹತ್ತಿ ಕೂತಳು. ಜಾರಿದಳು. ಮತ್ತೆ ಹತ್ತಿದಳು. ಕಂಬಳಿಸಮೇತ ಜಾರಿದಳು.

"ಯಾನ್ಲಾ ಇದು, ಬಾಂಡ್ಲಿ ಕವುಚಾಕ್ದಂಗದ? ನಾ ಬರಲ್ಲ, ವೋಗು."

ಮಹಾರಥನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಅಕ್ಕಾ, ನೀ ಬರ್ದಿದ್ರೆ ನನ್ ಮಗಿಗೆ ಹೆಸ್ರೇ ಇಲ್ಲ ಕನಕ್ಕಾ."

ತಮ್ಮನ ಮುಖ ನೋಡಿ ಅವಳ ಕರುಳು ಚುರ್ ಎಂದಿತು. ಜೀಪಿನ ಹಿಂದಕ್ಕೆ ಹೋಗಿ ಇಣುಕಿದಳು. "ಅಲ್ಲೇ ಅದಲ್ಲ ನಂದು. ಅದ್ನೇ ಆಕು."

"ಅದು ತಗ್ಗು ಬಿದ್ದೋಗದ ಕನಕ್ಕಾ."

"ಆಕ್ಲಾ ಅಂದ್ರೆ!"

ಭಾವ ಭಾಮೈದರಿಬ್ಬರೂ ಸ್ಪ್ಯಾನರು ಹಿಡಿದು ಬಗ್ಗಿದರು. ಎಡಗಡೆ ಫೈಬರು ಇಳಿಯಿತು, ಬಂಡೆ ಗುದ್ದಿದ ತಗಡು ಏರಿತು. ಚಿಕ್ಕತಾಯಮ್ಮ ಆ ತಗ್ಗಿನಲ್ಲಿ ಮೆಲ್ಲಗೆ ಕೂತು, ಒಮ್ಮೆ ಅಲುಗಾಡಿ ನೋಡಿದಳು. ಮುಖ ಅರಳಿತು.

"ಆಹಾ! ಮೊದ್ಲೆಲ್ಲ ತಿರುವಲ್ಲಿ ಜೀವ ಕೈಲಿಡ್ಕಂಡು ಕುಂತಿರ್ತಿದ್ದೆ. ಈಗ ಎಂಗ್ ಕಚ್ಚಿ ಕುಂತದ ನೋಡು! ಯಾರ್ಲಾ ಇದ್ನ ತಟ್ಟಿ ಇಂಗ್ ಮಾಡ್ದೋರು?"

ವೀರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಂಡಮಾದನು ಗಬಕ್ಕನೆ ಜೀಪು ಶುರುಮಾಡಿದನು.

ಕೂಸಿಗೆ ಹೆಸರಾಯಿತು. ಪಾಯಸ ಉಣ್ಣುತ್ತಾ, ಪಕ್ಕದಲ್ಲಿದ್ದ ಶಿವಮಲ್ಲಿಯ ತಾಯಿಯನ್ನು ತೋರಿಸಿ ಚಿಕ್ಕತಾಯಮ್ಮ ಅಪ್ಪಣೆ ಕೊಡಿಸಿದಳು: "ಬಲಗಡೀಕೂ ಇಂತದ್ನೇ ಮಾಡ್ಸು ಮಾದ, ನಿಮ್ಮತ್ತೇನೂ ಕುಂತ್ಕಳ್ಳಲಿ." ಅಂದಿನಿಂದ ಎಡಗಡೆಯಿಂದ ಇಳಿಸಿದ ಆ ಫೈಬರಿನ ಕೆಳಗೆ ಹಿತ್ತಲ ಕೋಳಿ ಕಾವಿಗೆ ಕೂತಿದೆ, ಬಲಗಡೆಗೆ ಯಾವ ಬಂಡೆಯಾದೀತೆಂದು ಭಾವ ಭಾಮೈದರು ಆ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ಜಗಳವಾಡುತ್ತಿದ್ದಾರೆ.