ಮೊದಲ ಕಡ್ಡಿ ಮಾಮನದು

ನನ್ನ ಮಾಮನಿಗೆ ದೇವರ ಮೇಲೆ ಪೂರ್ಣ ನಂಬಿಕೆ ಇತ್ತು. ಪೈಪಿನ ಮೇಲೆ ಮಾತ್ರ ಎಳ್ಳಷ್ಟೂ ಇರಲಿಲ್ಲ. ಕಣ್ಣಿಗೆ ಕಾಣದ ದೇವರನ್ನು ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿ ಒಪ್ಪಿಕೊಳ್ಳುತ್ತಿದ್ದವರು, ಸೋಮವಾರ ಬೆಳಿಗ್ಗೆ ಯಾರದೋ ದನದ ಹಟ್ಟಿಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕಣ್ಣೆದುರೇ ಇರುವ ಕಬ್ಬಿಣದ ಪೈಪನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದರು. ಅದಕ್ಕೆ ಮೂಗು ಹಚ್ಚಿ ಮೂಸುತ್ತಿದ್ದರು. ಕಿವಿ ಇಟ್ಟು ಕೇಳುತ್ತಿದ್ದರು. ಊರಿನ ನಾಯಿಗಳಿಗೂ ಅಷ್ಟು ಶ್ರದ್ಧೆ ಇರಲಿಲ್ಲ ಎಂದು ನನ್ನ ತಾಯಿ ಹೇಳುವುದಿತ್ತು.

ಮಾಮ ಎಂದರೆ ನನ್ನ ತಾಯಿಯ ತಮ್ಮ. ನಾವು ಕಲ್ಯಾಣಪುರದ ಕೊಂಕಣಿ ಮಾತಾಡುವ ಕ್ರಿಸ್ತರು. ಐವತ್ತರ ದಶಕದಲ್ಲಿ ಮಾಮ ಒಂದು ಹಂಚಿನ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದರು. ಅರವತ್ತರ ದಶಕದಲ್ಲಿ ಸರಕಾರಕ್ಕೆ ಗೋಬರ್ ಗ್ಯಾಸಿನ ಹುಚ್ಚು ಹಿಡಿಯಿತು. ಬಾವಿಯಂಥ ಗುಂಡಿಗೆ ಸಗಣಿ ಕಲಸಿ ಹೊಯ್ಯಬೇಕು, ಅದರ ಮೇಲೆ ದೊಡ್ಡ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕಬೇಕು, ಒಳಗೆ ಗ್ಯಾಸ್ ಹುಟ್ಟಿದ ಹಾಗೆ ಡ್ರಮ್ ಮೇಲೇರುತ್ತದೆ, ಅಲ್ಲಿಂದ ಪೈಪಿನಲ್ಲಿ ಅದು ಅಡಿಗೆಮನೆಗೆ ಬಂದು ಒಲೆ ಉರಿಸುತ್ತದೆ. ಇಷ್ಟನ್ನು ಕೇಳಿದ ಜನ ಮೊದಲು ನಕ್ಕರು, ಆಮೇಲೆ ಅರ್ಜಿ ಹಾಕಿದರು. ಹಾಕಿದ ಪೈಪು ಸರಿ ಉಂಟೋ ಇಲ್ಲವೋ ನೋಡಿ ಸಹಿ ಹಾಕಲು ಉಡುಪಿಯ ಬ್ಲಾಕ್ ಆಫೀಸಿಗೆ ಒಬ್ಬ ಮನುಷ್ಯ ಬೇಕಾಯಿತು. ಬಾಯ್ಲರ್ ಸಿಡಿಯದಂತೆ ನೋಡಿಕೊಂಡವನಿಗೆ ಸಗಣಿ ಯಾವ ಲೆಕ್ಕ ಎಂದು ಮಾಮನನ್ನು ಕರೆದರು. ಪಾಪ, ಕರೆದವರಿಗೆ ಏನು ಗೊತ್ತು!

ಸರಕಾರದ ಸೂಚನೆ ಒಂದೇ ಹಾಳೆಯದ್ದು. ಉಳಿದ ಕಾನೂನೆಲ್ಲ ಮಾಮನ ಸ್ವಂತ ಉತ್ಪಾದನೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ ತಮ್ಮ ಟೊಪ್ಪಿಯನ್ನು ಭಿಕ್ಷಾಪಾತ್ರೆಯಂತೆ ಹಿಡಿಯುತ್ತಿದ್ದರು. ಮನೆಯಲ್ಲಿದ್ದ ಬೀಡಿ, ಬೆಂಕಿಪೆಟ್ಟಿಗೆ ಎಲ್ಲ ಅದರೊಳಗೆ ಬೀಳಬೇಕು. ಪೈಪಿಗೆ ದನ ಕಟ್ಟಬಾರದು. ಪೈಪಿನ ಮೇಲೆ ಬಟ್ಟೆ ಒಣಗಿಸಬಾರದು. ಹೊಸ ಡ್ರಮ್ಮಿನಲ್ಲಿ ಮೊದಲು ತುಂಬುವ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ, ಬೆಂಕಿ ತೋರಿಸಿದರೆ ಸಿಡಿಯುತ್ತದೆ. ಆದ್ದರಿಂದ ಅದಷ್ಟನ್ನೂ ಹೊರಗೆ ಬಿಟ್ಟುಬಿಡಬೇಕು. ಈ ಕೊನೆಯ ಮಾತು ಕೇಳಿದರೆ ಮನೆಯ ಯಜಮಾನರ ಮುಖ ಬಾಡಿಹೋಗುತ್ತಿತ್ತು. ನಿಟ್ಟೆಯಲ್ಲಿ ಒಬ್ಬರು ಬಹಳ ಹೊತ್ತು ಯೋಚಿಸಿ, "ಬಿಡುವ. ಆದರೆ ಈಗ ಗಾಳಿ ಆಚೆಮನೆ ಕಡೆಗೆ ಉಂಟಲ್ಲ, ಅವರಿಗೆ ಬಿಟ್ಟಿ ಹೋಗುವುದು ಬೇಡ. ಗಾಳಿ ತಿರುಗಲಿ" ಎಂದರಂತೆ. ಮಾಮ ಅವರ ಜಗಲಿಯಲ್ಲಿ ಗಾಳಿ ತಿರುಗುವವರೆಗೂ ಕುಳಿತಿದ್ದರು. ನ್ಯಾಯವಾದ ಬೇಡಿಕೆ ಎಂದೇ ಅವರಿಗೆ ಕಂಡಿತ್ತು.

ಕಾಪುವಿನ ಕಥೆ ಬೇರೆ. ಅಲ್ಲಿ ಮೀನಿನ ವ್ಯಾಪಾರದ ಒಂದು ಮನೆಯಲ್ಲಿ ನಾಲ್ಕಾರು ದನಗಳೂ ಇದ್ದವು, ಹಾಗಾಗಿ ಗ್ಯಾಸೂ ಬಂತು. ಒಲೆ ಮಂದ ಉರಿದರೆ ಡ್ರಮ್ಮಿನ ಮೇಲೆ ಸ್ವಲ್ಪ ಭಾರ ಇಡಬಹುದು ಎಂದು ಮಾಮ ಹೇಳಿ ಬಂದಿದ್ದರು. ಮುಂದಿನ ಸಲ ಹೋಗಿ ನೋಡಿದರೆ ಡ್ರಮ್ಮಿನ ನೆತ್ತಿಯ ತುಂಬ ಬಂಗುಡೆ ಒಣಗುತ್ತಿದೆ! ಸುತ್ತ ಕಾಗೆಗಳ ಸಭೆ, ನಡುವೆ ಅಧ್ಯಕ್ಷರಂತೆ ಒಂದು ಬೆಕ್ಕು.

"ಇದೆಂತ?" ಎಂದರು ಮಾಮ.

"ಭಾರ" ಎಂದಳು ಮನೆಯಾಕೆ. "ನೀವೇ ಇಡ್ಲಿಕ್ಕೆ ಹೇಳಿದ್ದಲ್ವಾ?"

"ನಾನು ಹೇಳಿದ್ದು ಕಲ್ಲು."

"ಕಲ್ಲು ಒಣಗಿಸಿ ಎಂತ ಮಾಡುವುದು ಮಾರಾಯ್ರೇ?"

ಮಾಮ ಸರಕಾರದ ಆ ಒಂದು ಹಾಳೆಯ ಸೂಚನೆಯನ್ನು ತೆಗೆದು ಓದಿದರು. ಮೀನು ಇಡಬಾರದು ಎಂದು ಎಲ್ಲಿಯೂ ಇರಲಿಲ್ಲ. ಡ್ರಮ್ಮಿನ ಬಣ್ಣ ಎದ್ದುಹೋಗುತ್ತದೆ ಎಂದು ಹೇಳಿ ನೋಡಿದರು, ಮೀನಿನ ಎಣ್ಣೆ ತಾಗಿದರೆ ತುಕ್ಕು ಹಿಡಿಯುವುದಿಲ್ಲ ಎಂದು ಆಕೆ ಹೇಳಿದಳು. ಸೋತು ಜಾಯಿಂಟುಗಳನ್ನು ಮೂಸಲು ಹೊರಟರೆ ಎಲ್ಲ ಕಡೆಯೂ ಬಂಗುಡೆಯೇ. ಮನೆಗೆ ಬಂದರೂ ಬಂಗುಡೆ, ಇಗರ್ಜಿಯ ಧೂಪದಲ್ಲೂ ಬಂಗುಡೆ. ಮೂಗು ಹೋಯಿತು, ಇನ್ನು ನೌಕರಿಯೂ ಹೋಯಿತು ಎಂದು ಹೆದರಿ ಮಣಿಪಾಲಕ್ಕೆ ಹೋಗಿ ಒಬ್ಬ ಡಾಕ್ಟರರಿಗೆ ಮೂಗು ತೋರಿಸಿದರು. ಅವರು ಟಾರ್ಚು ಬಿಟ್ಟು ನೋಡಿ, "ಮೂಗು ಸರಿಯಾಗಿಯೇ ಉಂಟು. ಅಂಗಿ ಒಗೀಲಿಕ್ಕೆ ಹಾಕಿ" ಎಂದರು.

ಇಂಥವರಿಗೆ ಮದುವೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ತಾಯಿ ಪ್ರಯತ್ನ ಮಾಡದೆ ಇರಲಿಲ್ಲ. ಕಾರ್ಕಳದಲ್ಲಿ ಒಂದು ಒಳ್ಳೆಯ ಸಂಬಂಧ ಇತ್ತು. ಎಲ್ಲರೂ ಹೋದೆವು. ನಾವು ಚಾವಡಿಯಲ್ಲಿ ಕುಳಿತಿದ್ದಾಗ ಒಳಗೆ ಚಹಾಕ್ಕೆ ಸೀಮೆಎಣ್ಣೆ ಸ್ಟವ್ ಪಂಪು ಮಾಡುವ ಸದ್ದು ಕೇಳಿಸಿತು. ಮಾಮನ ಕಿವಿ ನೆಟ್ಟಗಾಯಿತು. "ಒಂದು ನಿಮಿಷ" ಎಂದು ಎದ್ದವರು ಸೀದಾ ಒಳಗೆ ಹೋದರು. ಹುಡುಗಿ ತಟ್ಟೆ ಹಿಡಿದು ಹೊರಗೆ ಬಂದಳು, ನಮ್ಮೆಲ್ಲರಿಗೂ ಚಹಾ ಕೊಟ್ಟಳು, ಲಕ್ಷಣವಾಗಿ ನಿಂತಳು, ಒಳಗೆ ಹೋದಳು. ಮಾಮ ಬಂದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ, ಎರಡೂ ಕೈಗಳಿಗೆ ಮಸಿ ಮೆತ್ತಿಕೊಂಡು.

ಹಿಂದಿರುಗುವಾಗ ಬಸ್ಸಿನಲ್ಲಿ ತಾಯಿ ಕೇಳಿದಳು, "ಹೇಗೆ ಕಂಡಿತು?"

"ವಾಶರು ಪೂರ್ತಿ ಸವೆದಿತ್ತು" ಎಂದರು ಮಾಮ. "ಬೇರೆ ಹಾಕಿದ್ದೇನೆ. ಇನ್ನು ಹೆದರಿಕೆ ಇಲ್ಲ."

ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಸ್ಟವ್ ಬಹಳ ಚೆನ್ನಾಗಿ ಉರಿಯುತ್ತಿದೆ ಎಂದು ಅವಳ ತಂದೆ ಹೇಳಿ ಕಳಿಸಿದ್ದರು.

ಆದರೆ ಮಾಮನ ಕಾನೂನುಗಳಲ್ಲೆಲ್ಲ ದೊಡ್ಡದು ಮೊದಲ ಕಡ್ಡಿಯದು. ಸಾಬೂನಿನ ನೊರೆ ಹಚ್ಚಿ, ಎಲ್ಲಿಯೂ ಗುಳ್ಳೆ ಉಬ್ಬುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆಯನ್ನು ಖಾಲಿ ಮಾಡಿಸುತ್ತಿದ್ದರು. ಅಜ್ಜ, ಅಜ್ಜಿ, ಬಾಣಂತಿ, ತೊಟ್ಟಿಲು, ಹಟ್ಟಿಯ ದನಕರು, ಎಲ್ಲವೂ ದೂರದ ತೆಂಗಿನ ಬುಡಕ್ಕೆ ಹೋಗಬೇಕು. ಒಂದು ಮನೆಯಲ್ಲಿ ಕಾವಿಗೆ ಕೂತ ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಯಲ್ಲಿ ಹೊರಗೆ ತರಿಸಿದ್ದರು. ಆಮೇಲೆ ಒಬ್ಬರೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಒಲೆಗೆ ಮೊದಲ ಕಡ್ಡಿ ಹಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು "ಆಯ್ತು, ಬನ್ನಿ" ಎನ್ನುತ್ತಿದ್ದರು. ಸಹಿ ಬೀಳುವುದು ಅದಾದ ಮೇಲೆಯೇ. ಇದೊಂದು ನಾಟಕ ಎಂದು ಊರೆಲ್ಲ ನಗುತ್ತಿತ್ತು. ಸಣ್ಣಮಕ್ಕಳಂತೂ ಪಟಾಕಿ ಸಿಡಿಯುತ್ತದೋ ಎಂದು ಆಸೆಯಿಂದ ಕಾದು ನಿರಾಶರಾಗುತ್ತಿದ್ದರು.

ಈ ನಾಟಕಕ್ಕೆ ಕಲ್ಲು ಬಿದ್ದದ್ದು ಅಲೆವೂರಿನಲ್ಲಿ. ಅಲ್ಲಿಯ ಒಂದು ಭಟ್ಟರ ಮನೆಯ ಸೊಸೆ ನನ್ನ ಜೊತೆ ಶಾಲೆಯಲ್ಲಿ ಟೀಚರಾಗಿದ್ದಳು. ಅವಳ ಅತ್ತೆ, ಎಂಬತ್ತರ ಹತ್ತಿರದ ಅಜ್ಜಿ, ಅಡಿಗೆಮನೆಯ ಮಹಾರಾಣಿ. ಒದ್ದೆ ಸೌದೆ ಊದಿ ಊದಿ ಅವರಿಗೆ ಕೆಮ್ಮು ಹಿಡಿದಿತ್ತು. ಈ ಮಳೆಗಾಲವನ್ನು ಹೊಗೆಯಲ್ಲಿ ಕಳೆದರೆ ಎದೆ ತಡೆಯುವುದಿಲ್ಲ ಎಂದು ವೈದ್ಯರು ಹೇಳಿದ್ದರಿಂದಲೇ ಮಗ ಗ್ಯಾಸು ಹಾಕಿಸಿದ್ದರು. ಆದರೆ ಅಜ್ಜಿಯದು ಕಟ್ಟುನಿಟ್ಟಿನ ಮಡಿ. ಅವರ ಅಡಿಗೆಮನೆಯ ಹೊಸ್ತಿಲನ್ನು ಸ್ವಂತ ಮಗನೂ ಸ್ನಾನ ಮಾಡದೆ ದಾಟುವಂತಿರಲಿಲ್ಲ. ಅಂಥದರಲ್ಲಿ ಟೊಪ್ಪಿ ಹಾಕಿದ ನನ್ನ ಮಾಮ!

ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಗೋಡೆಯ ಹೊರಗಿನ ಪೈಪನ್ನು ಮಾಮ ನೋಡಿದರು. ಒಳಗಿನದನ್ನು ಅಜ್ಜಿ ನೋಡುವುದು, ಮಾಮ ಕಿಟಕಿಯ ಹೊರಗೆ ನಿಂತು ಹೇಳಿಕೊಡುವುದು ಎಂದು ಒಪ್ಪಂದವಾಯಿತು. ಸಾಬೂನಿನಲ್ಲಿ ಯಾವ ಪ್ರಾಣಿಯ ಕೊಬ್ಬು ಉಂಟೋ ಯಾರಿಗೆ ಗೊತ್ತು ಎಂದು ಅಜ್ಜಿ ಅಂಟುವಾಳ ಕಾಯಿ ನೆನೆಸಿ ನೊರೆ ಮಾಡಿದರು. ನಾವಿಬ್ಬರು ಟೀಚರುಗಳು ಜಗಲಿಯಲ್ಲಿ ಕುಳಿತು ಬಾಯಿಗೆ ಸೆರಗು ತುರುಕಿಕೊಂಡಿದ್ದೆವು.

"ಗುಳ್ಳೆ ಬಂತಾ ಅಮ್ಮ?"

"ಅಂಟುವಾಳ ಅಲ್ವಾ ಪೊರ್ಬುಗಳೇ, ಗುಳ್ಳೆ ಬಾರದೆ ಇರ್ತದಾ?" ನಮ್ಮ ಕಡೆ ಕ್ರಿಸ್ತರ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ.

"ಬಂದ ಗುಳ್ಳೆ ದೊಡ್ಡದಾಗ್ತದಾ?"

"ಇಲ್ಲ. ಒಡೀತದೆ."

"ಹಾಗಾದರೆ ಸರಿ. ಇನ್ನೊಮ್ಮೆ ಹಚ್ಚಿ."

ಹೀಗೆ ಅಜ್ಜಿ ಪೈಪಿಗೆ ತಲೆಸ್ನಾನವನ್ನೇ ಮಾಡಿಸಿದರು. ಎಲ್ಲವೂ ಸರಿ ಇತ್ತು. ಉಳಿದದ್ದು ಮೊದಲ ಕಡ್ಡಿ. ಮಾಮ ಒಳಗೆ ಹೋಗದೆ ಹಚ್ಚುವಂತಿಲ್ಲ, ಅಜ್ಜಿ ಒಳಗೆ ಬಿಡುವಂತಿಲ್ಲ. ಒಲೆಯನ್ನೇ ಜಗಲಿಗೆ ತರುತ್ತೇವೆ ಎಂದರೆ, ಬಯಲಿನಲ್ಲಿ ಗ್ಯಾಸು ಸಾಧು, ಅದರ ಗುಣ ಗೊತ್ತಾಗುವುದು ನಾಲ್ಕು ಗೋಡೆಯೊಳಗೆ ಎಂದರು ಮಾಮ. ಮಗ ಭಟ್ಟರು ತಾಳ್ಮೆಗೆಟ್ಟು, "ನಾನೇ ಹಚ್ಚುತ್ತೇನೆ, ನೀವು ಸಹಿ ಹಾಕಿ" ಎಂದರು.

"ನಿಮಗೆ ಮಕ್ಕಳು ಉಂಟು" ಎಂದಷ್ಟೇ ಹೇಳಿ ಮಾಮ ಡ್ರಮ್ಮಿನಿಂದ ಗ್ಯಾಸು ಬಿಡುವ ವಾಲ್ವಿಗೆ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿ ಹೊರಟುಬಂದರು.

ಭಟ್ಟರು ಬ್ಲಾಕ್ ಆಫೀಸಿಗೆ ಹೋಗಿ ದೂರು ಕೊಟ್ಟರು. ಆಫೀಸರರು ಮಾಮನನ್ನು ಕರೆದು, "ಸಹಿ ಹಾಕಿ ಮುಗಿಸಿ ಮಾರಾಯ್ರೇ. ಆಗುವುದಿಲ್ಲ ಅಂತಾದರೆ ಹೇಳಿ, ಬೇರೆಯವರನ್ನು ಹಾಕ್ತೇನೆ" ಎಂದರು. ಮಾಮ ಮನೆಗೆ ಬಂದು ಟೊಪ್ಪಿ ತೆಗೆದಿಟ್ಟು, "ಬೇರೆಯವರನ್ನು ಹಾಕಲಿ" ಎಂದರು. ತಾಯಿ ಬೈದಳು. ನಾನೂ ಬೈದೆ. ಆಟಿ, ಅಂದರೆ ಆಷಾಢದ ಮಳೆ ಸುರಿಯುತ್ತಿತ್ತು, ನನ್ನ ಗೆಳತಿಯ ಸೀರೆ ದಿನವೂ ಹೊಗೆಯ ವಾಸನೆ ಹೊಡೆಯುತ್ತಿತ್ತು, ಅಜ್ಜಿಯ ಕೆಮ್ಮು ಗೇಟಿನವರೆಗೆ ಕೇಳಿಸುತ್ತಿತ್ತು. ಒಂದು ಕಡ್ಡಿಗಾಗಿ ಇಬ್ಬರು ಮೊಂಡರು ಒಬ್ಬರನ್ನೊಬ್ಬರು ಮುಗಿಸುತ್ತಾರೆ ಎಂದು ನನಗೆ ನಿಜವಾಗಿ ಸಿಟ್ಟು ಬಂದಿತ್ತು.

ಆಫೀಸಿನಿಂದ ಬೇರೆಯವರು ಬರುವ ಮೊದಲೇ ಅಜ್ಜಿಯೇ ಹೇಳಿ ಕಳಿಸಿದರು. ಒಂದು ಬೆಳಿಗ್ಗೆ ಮಾಮನನ್ನು ಕರೆದುಕೊಂಡು ಹೋದೆ. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು.

"ಪೈಪು ಸರಿ ಉಂಟು ಅಂತ ನೀವೇ ಹೇಳ್ತೀರಿ. ಮತ್ತೆ ನೀವೇ ಹಚ್ಚಬೇಕು ಅಂತ ಯಾಕೆ?"

ಮಾಮ ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಆಮೇಲೆ, ಬಹಳ ಸಹಜವಾದ ವಿಷಯ ಹೇಳುವವರಂತೆ ಹೇಳಿದರು. "ನಾನು ನೋಡಿದ್ದರಲ್ಲಿ ತಪ್ಪಿದ್ದರೂ ಇರಬಹುದು ಅಮ್ಮ. ಬೇರೆ ಯಾರಿಗೆ ಏನಾದರೂ ಆದರೆ ಅವರ ಹಿಂದೆ ಒಂದು ಮನೆ ಉಂಟು. ನಾನಾದರೆ ನಾನೊಬ್ಬ. ಕೇಳುವವರು ಇಲ್ಲ."

ನಾನು ಪಕ್ಕದಲ್ಲಿಯೇ ಇದ್ದೆ. ಎಷ್ಟೋ ಅಂಗಳಗಳಲ್ಲಿ ಎಷ್ಟೋ ಜನ ನಕ್ಕ ನಾಟಕದ ಅರ್ಥ ಇದು ಎಂದು ಆಗ ತಿಳಿಯಿತು.

ಅಜ್ಜಿ ಕಂಬ ಬಿಟ್ಟು ನೆಟ್ಟಗೆ ಕೂತರು. "ಬನ್ನಿ ಒಳಗೆ" ಎಂದರು.

"ಅಮ್ಮ, ಮಡಿ?" ಎಂದರು ಮಗ.

"ನೆಲ ಶುದ್ಧ ಮಾಡ್ಲಿಕ್ಕೆ ಸಗಣಿ ಸಾಲದಾ ನಮ್ಮಲ್ಲಿ? ಒಂದು ಬಾವಿ ತುಂಬ ಉಂಟು" ಎಂದು ಅಜ್ಜಿ ಎದ್ದರು.

ಮಾಮ ಎಂದಿನಂತೆ ನಮ್ಮನ್ನೆಲ್ಲ ತೆಂಗಿನ ಬುಡಕ್ಕೆ ಅಟ್ಟಿದರು. ಆದರೆ ಅಜ್ಜಿ ಹೊರಗೆ ಬರಲಿಲ್ಲ. ತೆರೆದ ಕಿಟಕಿಯಿಂದ ಅವರ ಮಾತು ನಮಗೆ ಕೇಳಿಸುತ್ತಿತ್ತು.

"ನೀವೂ ಹೋಗಬೇಕು ಅಮ್ಮ."

"ಇದು ನನ್ನ ಅಡಿಗೆಮನೆ. ನಾನು ಇಲ್ಲೇ ನಿಲ್ಲುವುದು. ಹಚ್ಚಿ."

ಕಡ್ಡಿ ಗೀರುವ ಬದಲು ಬಾಗಿಲು ತೆರೆದು ಮಾಮ ಹೊರಗೆ ಬಂದರು. ಯಾರನ್ನೂ ನೋಡದೆ ಹಟ್ಟಿಯ ಹಿಂದೆ ಹೋಗಿ, ಮಳೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಡ್ರಮ್ಮಿನ ಬುಡದಿಂದ ಒಂದೊಂದೇ ಜಾಯಿಂಟಿಗೆ ಹೊಸದಾಗಿ ನೊರೆ ಹಚ್ಚಿ ನೋಡುತ್ತ ಬಂದರು. ತಾವೊಬ್ಬರೇ ಆದರೆ ನಂಬಿಬಿಡುತ್ತಿದ್ದ ಪೈಪನ್ನು, ಪಕ್ಕದಲ್ಲಿ ಒಬ್ಬರು ನಿಂತ ಮೇಲೆ ಇನ್ನೊಮ್ಮೆ ನೋಡದೆ ಇರಲು ಅವರಿಂದ ಆಗಲಿಲ್ಲ. ಮತ್ತೆ ಒಳಗೆ ಹೋದರು. ಕಡ್ಡಿ ಗೀರಿದ ಸದ್ದು ಕೇಳಿಸಿತು. ಕಿಟಕಿಯಲ್ಲಿ ನೀಲಿ ಬೆಳಕು ಕಂಡಿತು.

ಹೊರಡುವಾಗ ಅಜ್ಜಿ ಕೇಳಿದರು, "ನಾಳೆ ಯಾವ ಊರು?"

"ನಿಟ್ಟೆ ಕಡೆಗೆ ಅಮ್ಮ."

"ಹಚ್ಚಿ ಆದ ಮೇಲೆ ಈ ದಾರಿಯಾಗಿ ಬಂದು ಮುಖ ತೋರಿಸಿ ಹೋಗಿ."

ನಿಟ್ಟೆ ಎಲ್ಲಿ, ಅಲೆವೂರು ಎಲ್ಲಿ! ಆದರೂ ಮಾಮ ಹೋದರು. ಆಮೇಲೆ ಎಲ್ಲಿ ಮೊದಲ ಕಡ್ಡಿ ಹಚ್ಚಿದರೂ ಬಸ್ಸು ಬದಲಿಸಿ, ಗದ್ದೆಯ ಬದುವಿನಲ್ಲಿ ನಡೆದು, ಆ ಅಂಗಳದಲ್ಲಿ ನಿಂತು "ಆಯ್ತು ಅಮ್ಮ" ಎಂದು ಹೇಳಿಯೇ ಮನೆಗೆ ಬರುತ್ತಿದ್ದರು. ಅಜ್ಜಿಯ ಕೆಮ್ಮು ಕಡಿಮೆಯಾಗಿತ್ತು. ಅವರು ಇದ್ದಷ್ಟು ವರ್ಷವೂ ಇದು ತಪ್ಪಲಿಲ್ಲ.

ಒಂದು ದಿನ ಶಾಲೆಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ಗೆಳತಿ ಕೇಳಿದಳು, "ನಿನ್ನ ಮಾಮ ಇವತ್ತು ಎಲ್ಲಿಗೆ ಹೋಗಿದ್ದಾರೆ?"

"ಕಾರ್ಕಳಕ್ಕೆ. ಯಾಕೆ?"

"ಬೇಗ ಬರ್ಲಿಕ್ಕೆ ಹೇಳು ಮಾರಾಯ್ತಿ. ಅವರು ಬಂದು ಹೋಗುವವರೆಗೆ ಅತ್ತೆ ಊಟಕ್ಕೆ ಕೂರುವುದಿಲ್ಲ."