ಅಮಾವಾಸ್ಯೆಯ ಮುಷ್ಕರ

ಅಮಾವಾಸ್ಯೆಯ ಮರುದಿನದಿಂದ ಆಸ್ತಿ ನೋಂದಣಿಯ ಶುಲ್ಕ ಏರುತ್ತದೆಂದು ಸರಕಾರ ಸಾರಿದ್ದೇ ತಡ, ಗೋಕಾಕದ ಪ್ಲಾಟು ಏಜೆಂಟರ ಸಂಘ ಮುಷ್ಕರ ಹೂಡಿತು. ದಿನವನ್ನು ಮಾತ್ರ ಜಾಣತನದಿಂದ ಆರಿಸಿತ್ತು. ಅಮಾವಾಸ್ಯೆಯಂದು ಹೇಗೂ ಯಾರೂ ಜಾಗ ಕೊಳ್ಳುವುದಿಲ್ಲ. ಹೋರಾಟವೂ ಆಗುತ್ತದೆ, ಯಾರ ದಲಾಲಿಯೂ ತಪ್ಪುವುದಿಲ್ಲ.

"ನಾಳಿ ನೋಂದಣಿ ಕಚೇರಿ ಒಳಗ ಒಂದ ನೊಣಾನೂ ಹೋಗಬಾರ್ದು!" ಎಂದರು ಮುನ್ನಾದಿನದ ಸಭೆಯಲ್ಲಿ ಅಧ್ಯಕ್ಷ ಸದಾಶಿವ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಏಜೆಂಟ ಮಾಳಪ್ಪ.

ಮನೆ ಮುಟ್ಟುವಷ್ಟರಲ್ಲಿ ಯಮಕನಮರಡಿಯಿಂದ ದುಂಡವ್ವನ ಫೋನು. ಅವನ ಕೈಯಲ್ಲಿದ್ದ ಒಂದೇ ಒಂದು ಗಿರಾಕಿ ಅವಳು.

"ಮಾಳಪ್ಪಾ, ಶುಲ್ಕ ಏರೋದ್ರಾಗ ನಾಳೇನ ಖರೀದಿ ಮುಗಿಸಿಬಿಡು."

"ಆಯೀ, ನಾಳಿ ಅಮಾಸಿರಿ!"

"ಅಮಾಸಿಗೆ ಒಂದ ಲಿಂಬಿಕಾಯಿ ಇಳಿ ತಗದ್ರ ಆತು. ಸರಕಾರಕ್ಕ ಯಾ ಲಿಂಬಿಕಾಯಿ ನಡಿತೈತೋ?"

ಪ್ಲಾಟು ಮಾರುವವಳು ಕಣಗಲಾ ಊರಿನ ನರ್ಸ್ ಸುಮನ. ಅವಳದು ಇನ್ನೊಂದು ತರಹ. "ನಮ್ಮ ಮನ್ಯಾಗ ಅಮಾಸಿ, ಹುಣ್ಣಿವಿ ಏನೂ ನೋಡಂಗಿಲ್ರಿ. ಆದ್ರ ನಂಗ ರಜಾ ಇರೋದು ನಾಳಿ ಅಷ್ಟ. ನಾಳಿ ಆಗ್ಲಿಲ್ಲಂದ್ರ ಪ್ಲಾಟ್ ನಮ್ಮ ತಮ್ಮಗ ಕೊಟ್ಟಬಿಡತೇನಿ."

ಈ ವರ್ಷ ಕುದುರಿದ ಮೊದಲ ವ್ಯವಹಾರ ಅದು. "ಇದೂ ಮುರದ್ರ ಹುಕ್ಕೇರಿಗೆ ಹೋಗಿ ನಮ್ಮಣ್ಣನ ಗೊಬ್ಬರದ ಅಂಗಡ್ಯಾಗ ಕುಂದರ್ರಿ" ಎಂದು ಹೆಂಡತಿ ಅನ್ನಪೂರ್ಣಾ ಆಗಲೇ ಹೇಳಿಬಿಟ್ಟಿದ್ದಳು. ಭಾವಮೈದುನನ ಕೆಳಗೆ ಕೂರುವುದೆಂದರೆ ಮಾಳಪ್ಪನಿಗೆ ಜ್ವರ ಬರುತ್ತಿತ್ತು.

ಮರುದಿನ ಅವನು ನೋಂದಣಿ ಕಚೇರಿಯ ಗೇಟಿನ ಮುಂದೆ ಘೋಷಣೆ ಕೂಗುತ್ತ ಕುಳಿತಿದ್ದಾಗ ಆಟೋ ಬಂದು ನಿಂತಿತು. ಹಿತ್ತಿಲ ಬಾಗಿಲಿಗೆ ಬನ್ನಿ ಎಂದು ಅವನು ಹತ್ತು ಸಲ ಹೇಳಿದ್ದರೂ ದುಂಡವ್ವ ನೇರ ಮುಷ್ಕರದ ನಡುವೆಯೇ ಇಳಿದಳು.

"ಮಾಳಪ್ಪಾ! ಹೆಬ್ಬಟ್ಟ ಎಲ್ಲಿ ಒತ್ತಬೇಕೋ?"

ಎಲ್ಲರೂ ತಿರುಗಿ ನೋಡಿದರು. ಮಾಳಪ್ಪನ ಮುಖ ನೀರಿಗೆ ಬಿದ್ದ ಹಪ್ಪಳವಾಯಿತು.

"ಇವ್ರು... ನಮ್ಮ ಮನವಿಗೆ ಹೆಬ್ಬಟ್ಟ ಒತ್ತಾಕ ಬಂದಾರ್ರಿ, ಅಧ್ಯಕ್ಷರ. ಬೆಂಬಲಕ್ಕ."

ಸದಾಶಿವರ ಕಣ್ಣು ಒದ್ದೆಯಾಯಿತು. "ನೋಡ್ರೆಪ್ಪಾ, ಸಾರ್ವಜನಿಕ್ರು ಅಂದ್ರ ಹಿಂಗಿರಬೇಕು!" ಎಂದು ಅವಳ ಕೈಗೆ ಬಾವುಟ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದರು. ದುಂಡವ್ವನಿಗೆ 'ಧಿಕ್ಕಾರ' ಹಿಡಿಸಲಿಲ್ಲ. "ಏರಿಸಿದವ್ರ ಎಮ್ಮಿ ಬತ್ತಲಿ!" ಎಂದು ತನ್ನದೇ ಘೋಷಣೆ ತೆಗೆದಳು. ಮುಷ್ಕರಕ್ಕೆ ಕಳೆ ಬಂತು. ಮಾಳಪ್ಪ ಸೆರಗು ಜಗ್ಗಿದರೆ, "ತಡಿಯೋ, ಈಗರೆ ದನಿ ಹತ್ತೇತಿ" ಎನ್ನುತ್ತಿದ್ದಳು.

ಕೊನೆಗೆ ಚಹಾದ ನೆಪ ಹೇಳಿ, ಅಂಗಡಿಯ ಹಿಂದಿನ ಸಂದಿಯಿಂದ ಅವಳನ್ನು ಕಚೇರಿಯೊಳಗೆ ನುಗ್ಗಿಸಿದ. ಒಳಗೆ ಅಧಿಕಾರಿಯ ಮುಂದೆ ಸುಮನ ಗಡಿಯಾರ ನೋಡುತ್ತ ಕುಳಿತಿದ್ದಳು. ಅವಳ ಫೋಟೋ, ಸಹಿ ಮುಗಿಯಿತು. ದುಂಡವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

ಬಾಗಿಲಲ್ಲಿ ಸದಾಶಿವ!

"ಮಾಳಪ್ಪಾ, ನೀ ಒಳಗ ಏನ್ ಮಾಡಾಕತ್ತೀಯೋ?"

"ಸಾಹೇಬ್ರಿಗೆ ನಮ್ಮ ಕಷ್ಟ ಹೇಳಾಕತ್ತಿದ್ನಿರಿ," ಎಂದು ಮಾಳಪ್ಪ ತೊದಲಿದ. "ಯಾರರೆ ಒಬ್ರು ಧೈರ್ಯ ಮಾಡಬೇಕಲ್ರಿ..."

ಸದಾಶಿವ ಬಾಯಿ ತೆರೆಯುವುದರೊಳಗೆ ಅವರ ಫೋನು ಹೊಡೆದುಕೊಂಡಿತು. ಕೇಳುತ್ತ ಕೇಳುತ್ತ ಮುಖ ಅರಳಿತು.

"ಸರಕಾರ ಮಣೀತು! ಸದ್ಯಕ್ಕ ಶುಲ್ಕ ಏರಸಂಗಿಲ್ಲಂತ! ಲೇ ಮಾಳಪ್ಪಾ, ನೀ ಒಳಗ ಕಾಲಿಟ್ಟಿ, ಕೆಲಸ ಆತು ನೋಡು. ಹುಲಿ ಅದೀ ಹುಲಿ!"

ಮಂದಿ ನುಗ್ಗಿ ಬಂದು ಮಾಳಪ್ಪನನ್ನು ಎತ್ತಿಯೇಬಿಟ್ಟರು. ಆ ಗದ್ದಲದಲ್ಲಿ ದುಂಡವ್ವ ಚಾಚಿದ ಬೆರಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಆಯೀ, ಒತ್ರಿ! ಒತ್ರಿ!" ಮಾಳಪ್ಪ ಮೇಲಿನಿಂದ ಕಿರುಚಿದ.

"ಏರಂಗಿಲ್ಲಂದ್ರ ಅಮಾಸ್ಯಾಗ ಯಾಕಪಾ ಗಡಿಬಿಡಿ? ಚೊಲೋ ದಿನಾ ನೋಡಿ ಬರತೇನಿ."

ಸುಮನ ಚೀಲ ಹೆಗಲಿಗೇರಿಸಿ, "ನಾ ನಮ್ಮ ತಮ್ಮಗ ಫೋನ್ ಮಾಡತೇನ್ರಿ, ಅಣ್ಣಾರ" ಎಂದು ಹೊರಟುಹೋದಳು.

ಮಂದಿ ಮಾಳಪ್ಪನನ್ನು ಹೊತ್ತುಕೊಂಡೇ ಬೀದಿಗಿಳಿದರು, ಗುಲಾಲು ಹಾರಿತು. ಹೆಗಲುಗಳ ಮೇಲಿನಿಂದ ಮಾಳಪ್ಪನಿಗೆ ಬಹಳ ದೂರದವರೆಗೂ ಕಾಣುತ್ತಿತ್ತು: ಒಂದು ಬಸ್ಸು ಹೊರಟಿತ್ತು, ಅದರ ಕಿಟಕಿಯಿಂದ ದುಂಡವ್ವ ಮನತುಂಬಿ ಕೈ ಬೀಸುತ್ತ ಕೂಗುತ್ತಿದ್ದಳು.

"ಬಾಳ ಚೊಲೋ ಕೆಲಸ ಮಾಡಿದಿ ನೋಡ, ಮಾಳಪ್ಪಾ!"