ಹತ್ತು ಕಾಲಿನ ಹಕ್ಕಿ

...ಇಲ್ಲ, ಹತ್ತು ಕಾಲೇ ಇದ್ದವು. ಎಂಟೇ ಇದ್ದವೇನೋ ಎಂದು ಆಗಾಗ ಅನ್ನಿಸುವುದು ನನ್ನ ಭಯಕ್ಕೆ. ನನ್ನ ನೆನಪನ್ನು ನೀವು ನಂಬಬೇಡಿ. ನಾನೂ ಅಷ್ಟಾಗಿ ನಂಬುವುದಿಲ್ಲ. ಒಂದನ್ನು ಮಾತ್ರ ನಂಬಬಹುದು. ನಮ್ಮ ಸೋದರಮಾವನ ಎದುರಿಗೆ ಹಕ್ಕಿಗಳು ಕೂಡ ಹೇಳದೆ ಕೇಳದೆ ರಜೆ ಹಾಕುವಂತಿರಲಿಲ್ಲ.

ಮಾವ ಅಮ್ಮತ್ತಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ರೈಟರ್ ಎಂದರೆ ಕಥೆ ಬರೆಯುವವರಲ್ಲ. ಬೆಳಿಗ್ಗೆ ಆರೂವರೆಗೆ ಕೆಲಸದವರ ಲೈನ್ ಮನೆಗಳ ಮುಂದೆ ನಿಂತು ಹಾಜರಿ ಹಾಕುವವರು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಹಾಜರಿ ಬರೆದವರಲ್ಲ. ತಮ್ಮ ಮದುವೆಯ ದಿನ ತಮ್ಮ ಹೆಸರಿನ ಮುಂದೆ ತಾವೇ ಗೈರುಹಾಜರಿ ಬರೆದಿಟ್ಟು ಹಸೆಮಣೆ ಏರಿದವರು. ನಿವೃತ್ತರಾಗಿ ಕುಶಾಲನಗರದ ಹತ್ತಿರ ಮನೆ ಮಾಡಿದ ಮೇಲೆ ಎಸ್ಟೇಟಿಲ್ಲ, ಲೈನಿಲ್ಲ. ಆರೂವರೆ ಮಾತ್ರ ದಿನಾ ತಪ್ಪದೆ ಬರುತ್ತದಲ್ಲ, ಅದನ್ನೇನು ಮಾಡುವುದು? ಫೋನ್ ತೆಗೆದುಕೊಂಡು ನೆಂಟರ ಹಾಜರಿ ಶುರುಮಾಡಿದರು.

"ಇದ್ದೀಯೇನೇ?"

"ಇದ್ದೀನಿ ಮಾವ."

ಅಷ್ಟೇ, ಫೋನ್ ಕಟ್. ಒಮ್ಮೆ ನನ್ನ ಗಂಡ ಎತ್ತಿಕೊಂಡು, "ಅವಳು ಸ್ನಾನಕ್ಕೆ ಹೋಗಿದಾಳೆ" ಎಂದಿದ್ದಕ್ಕೆ, "ಹಂಗಾದ್ರೆ ಅರ್ಧ ದಿನ" ಎಂದರಂತೆ.

ಇಂಥವರ ಕೈಗೆ ಅವರ ಮಗಳು ತನ್ನ ಹಳೆಯ ಕ್ಯಾಮೆರಾ ಕೊಟ್ಟಳು. ದೂರದ್ದನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಉದ್ದ ಮೂತಿಯ ಕ್ಯಾಮೆರಾ. ಅದರ ಗಡಿಯಾರ ಕೆಟ್ಟಿತ್ತು. ಯಾವಾಗ ಫೋಟೊ ತೆಗೆದರೂ ಜನವರಿ ಒಂದನೇ ತಾರೀಖು. ಬೇಸಿಗೆಯಲ್ಲಿ ಹಾರಂಗಿಯ ಹಿನ್ನೀರು ಇಳಿದಾಗ ಒಂದು ದೊಡ್ಡ ಮರಳು ಬಯಲು ತೆರೆದುಕೊಳ್ಳುತ್ತದೆ. ಮಾವ ಅದನ್ನು 'ನಮ್ಮ ಬೀಚು' ಎನ್ನುತ್ತಿದ್ದರು.

"ಕೊಡಗಿನಲ್ಲಿ ಎಲ್ಲಿಂದ ಬಂತು ಮಾವ ಬೀಚು?"

"ನೀರಿಲ್ವಾ? ಮರಳಿಲ್ವಾ? ಉಪ್ಪು ಬೇಕಾದ್ರೆ ಅಡುಗೆಮನೇಲಿ ಐತೆ, ತಗಂಡ್ಬಾ."

ಆ ಬೀಚಿನ ಕಲ್ಲುಗಳ ನಡುವೆ ಒಂದು ಟಿಟ್ಟಿಭ ಹಕ್ಕಿಯ ಜೋಡಿ ನಾಲ್ಕು ಮೊಟ್ಟೆ ಇಟ್ಟಿತ್ತು. ಮಾವ ಹೊಸ ನೋಟ್‌ಬುಕ್ ತಂದು ಗೆರೆ ಎಳೆದರು. ದಿನಾ ಆರೂವರೆಗೆ ಅಲ್ಲಿ ಹಾಜರಿ, ಒಂದು ಫೋಟೊ. ಗಂಡು ಹಕ್ಕಿ ಕಿರುಚುತ್ತ ಬಂದು ಮಾವನ ಟೋಪಿಯ ಮೇಲೆ ಎರಗುತ್ತಿತ್ತು. ಅದು ಗಂಡೇ ಎಂದು ನನಗೆ ಹೇಗೆ ಗೊತ್ತು? ಗೊತ್ತಿಲ್ಲ, ಮಾವ ಹೇಳಿದ್ದು. "ಅದು ಯೂನಿಯನ್ ಲೀಡರು. ಬೈಕೊಳ್ಳಲಿ ಬಿಡು, ಅದರ ಕೆಲಸ ಅದು ಮಾಡ್ತದೆ."

ಮರಿಗಳು ಹೊರಬಂದ ಎರಡನೆಯ ದಿನವೋ ಮೂರನೆಯ ದಿನವೋ ನನ್ನನ್ನೂ ಕರೆದುಕೊಂಡು ಹೋದರು. ಗೊಬ್ಬರದ ಚೀಲ ಹಾಸಿ ಇಬ್ಬರೂ ಬೋರಲು ಮಲಗಿದೆವು. ಹತ್ತಿಯ ಉಂಡೆಗೆ ಕಡ್ಡಿ ಚುಚ್ಚಿದಂಥ ಮರಿಗಳು ಅತ್ತಿತ್ತ ಓಡಾಡಿ, ಚಳಿಯಾಯಿತೋ ಏನೋ, ಒಂದೊಂದಾಗಿ ತಾಯಿಯ ರೆಕ್ಕೆಯಡಿಗೆ ನುಗ್ಗಿದವು. ಆಮೇಲೆ ಕಂಡದ್ದು ಒಂದೇ ಹಕ್ಕಿ, ಅದರ ಕೆಳಗೆ ರಾಶಿ ಕಾಲು. ಮಾವ ಕನ್ನಡದಲ್ಲಿ ಎಣಿಸಿದರು. ಆಮೇಲೆ, ಎಸ್ಟೇಟಿನ ರೂಢಿಯಂತೆ, ತಮಿಳಿನಲ್ಲಿ. ಆಮೇಲೆ ಮಲಯಾಳದಲ್ಲಿ.

"ತಮಿಳು, ಮಲಯಾಳ ಎರಡರಲ್ಲೂ ಎಣಿಕೆ ಹೆಚ್ಚುಕಮ್ಮಿ ಒಂದೇ ಅಲ್ವಾ ಮಾವ?"

"ಅದಕ್ಕೇ ತಾಳೆ ಆಗೋದು. ಸುಮ್ಕಿರು." ಮತ್ತೆ ಪಿಸುಗುಟ್ಟಿದರು: "ಹತ್ತು ಕಾಲು. ತಾಯೀದು ಎರಡು ಕಳಿ. ನಾಲ್ಕೂ ಹಾಜರು." ಒಂದು ಫೋಟೊ ಹೊಡೆದರು.

ಅಲ್ಲಿಗೆ ಎದ್ದು ಮನೆಗೆ ಬಂದಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನಗೆ ನಿದ್ದೆಯೂ ಇರುತ್ತಿತ್ತು. ನನ್ನ ಮೊಬೈಲಿನಲ್ಲೂ ಒಂದು ಫೋಟೊ ಇರಲಿ ಎಂದು ಎದ್ದು ನಾಲ್ಕು ಹೆಜ್ಜೆ ಮುಂದೆ ಹೋದೆ. ತಾಯಿ ಚೀರಿತು. ಮರಿಗಳು ದಿಕ್ಕಾಪಾಲಾಗಿ ಓಡಿ, ಮರುಗಳಿಗೆಯಲ್ಲಿ ಇಲ್ಲವೇ ಇಲ್ಲ. ಅಪಾಯ ಎಂದು ತಾಯಿ ಕೂಗಿದರೆ ಅವು ಇದ್ದಲ್ಲೇ ಕಲ್ಲಾಗಿ ಕೂರುತ್ತವೆ. ನನ್ನ ಸುತ್ತ ಸಾವಿರ ಕಲ್ಲು.

"ಅಲ್ಲಾಡ್ಬೇಡ," ಎಂದರು ಮಾವ. "ಎತ್ತಿದ ಕಾಲು ಎತ್ತಿದ ಹಂಗೇ ಇರಲಿ."

ಒಂಟಿಕಾಲಿನಲ್ಲಿ ನಿಂತೆ. ಮಾವ ಮಂಡಿಯೂರಿ, ಒಂದೊಂದು ಕಲ್ಲನ್ನೂ ವಿಚಾರಿಸಿಕೊಳ್ಳುತ್ತ ತೆವಳಿ ಬಂದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

"ಮಾವ, ಇನ್ನೊಂದು ಕಾಲಿನ ಕೆಳಗೆ ಏನೋ ಮೆತ್ತಗಾಯ್ತು."

ಅವರು ನನ್ನ ಎತ್ತಿದ ಕಾಲನ್ನು ಹಿಡಿದು ಪಕ್ಕಕ್ಕೆ ಇಡಿಸಿದರು. ಇನ್ನೊಂದನ್ನು ಎತ್ತಿಸಿ, ಬಗ್ಗಿ ನೋಡಿದರು. ಅವರ ಬೆನ್ನು ಅಡ್ಡವಿತ್ತು. "ಏನಿಲ್ಲ. ಒಣಗಿದ ಸಗಣಿ." ಅವರ ಬಲಗೈ ಅಂಗಿಯ ಜೇಬಿಗೆ ಹೋಗಿ ಬಂತು. ಪೆನ್ನಿಗಿರಬೇಕು. ಪೆನ್ನು ಕಿವಿಯ ಮೇಲಿತ್ತು ಎಂದೂ ಒಂದು ನೆನಪಿದೆ. ಅದು ಬೇರೆ ದಿನದ್ದೂ ಇರಬಹುದು.

ಹಿಂದೆ ಸರಿದು ಮತ್ತೆ ಚೀಲದ ಮೇಲೆ ಮಲಗಿದೆವು. ತುಂಬ ಹೊತ್ತಾದ ಮೇಲೆ ತಾಯಿ ಮೆಲ್ಲಗೆ ಕರೆಯಿತು. ಒಂದು ಮರಿ ಬಂತು. ಎರಡು. ಮೂರು. ಅಷ್ಟರಲ್ಲಿ ನನ್ನ ಕಣ್ಣು ಮಂಜಾಗಿ ಏನೂ ಕಾಣದಾಯಿತು.

"ಬಂತು ನೋಡು," ಎಂದರು ಮಾವ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ನಾಲ್ಕು." ಮತ್ತೆ ಟಕ್ ಎಂದಿತು ಕ್ಯಾಮೆರಾ. ನೋಟ್‌ಬುಕ್ಕಿನಲ್ಲಿ ನಾಲ್ಕು ಹಾಜರಿ ಬಿತ್ತು. ಆ ಸಲ ಅವರು ಕನ್ನಡದಲ್ಲಿ ಮಾತ್ರ ಎಣಿಸಿದರು, ಅದೂ ಒಂದೇ ಸಲ.

ಫೋಟೊಗೆ ಕಟ್ಟು ಹಾಕಿಸಿ ಅವರೇ ತಂದುಕೊಟ್ಟರು. ನಮ್ಮ ಹಜಾರದ ಗೋಡೆಯ ಮೇಲಿದೆ. ಹತ್ತು ಕಾಲಿವೆ; ಬಂದವರಿಗೆಲ್ಲ ಎಣಿಸಿ ತೋರಿಸುತ್ತೇನೆ. ಆದರೆ ಅದು ನಾನು ಎದ್ದು ಹೋಗುವ ಮೊದಲಿನದೋ, ಆಮೇಲಿನದೋ? ಮೂಲೆಯಲ್ಲಿ ಜನವರಿ ಒಂದು ಎಂದಿದೆ. ಉಳಿದ ಫೋಟೊ ಕೇಳಿದರೆ, "ಜಾಗ ಇರ್ಲಿಲ್ಲ, ಅಳಿಸ್ದೆ" ಎಂದರು.

ಮೊನ್ನೆ ಆರೂವರೆಗೆ ಫೋನ್ ಬಂದಾಗ ಕೇಳಿಯೇಬಿಟ್ಟೆ. "ಮಾವ, ಅವತ್ತು ನಾಲ್ಕೂ ನಿಜವಾಗ್ಲೂ ಬಂದ್ವಾ?"

ಮಾವ ಫೋನ್ ಕಟ್ ಮಾಡದೆ ಇಷ್ಟು ಹೊತ್ತು ಹಿಡಿದುಕೊಂಡೇ ಇದ್ದದ್ದು ಅದೇ ಮೊದಲು.

"ನೀನಿದ್ದೀಯಲ್ಲ?"

"ಇದ್ದೀನಿ ಮಾವ."

"ಸಾಕು ಬಿಡು."

ಮದುವೆಯ ದಿನವೂ ಸುಳ್ಳು ಹಾಜರಿ ಹಾಕಿಕೊಳ್ಳದ ಮನುಷ್ಯ ಆ ಬೆಳಿಗ್ಗೆ ನನಗಾಗಿ ಒಂದು ಹಾಕಿದರೇ? ನಾಲ್ಕನೆಯ ಮರಿ ಬಂತೇ? ನನಗೆ ಗೊತ್ತಿಲ್ಲ.